ಹನ್ನೊಂದು ಭಾನುವಾರ, ಎರಡೇ ಹಾರಾಟ: ನೀವೆಲ್ಲ ಗಾಳಿ ಹೇಗೆ ಕಾಯ್ತೀರಿ?

ಮೂಡಲ_ದಿಣ್ಣೆ (ಕೋಲಾರ) – ಭಾನುವಾರ, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಬೈಕೋಬೇಡಿ.

ದೀಪಾವಳಿ ಮುಗಿದ ವಾರ ಹ್ಯಾಂಗ್ ಗ್ಲೈಡರ್ ಒಂದನ್ನ ಸೆಕೆಂಡ್ ಹ್ಯಾಂಡಲ್ಲಿ ತಗೊಂಡೆ. ಪ್ಯಾರಾಗ್ಲೈಡರ್ ಅಲ್ಲ. ಅದು ಬಟ್ಟೆ, ಬ್ಯಾಗಲ್ಲಿ ಮಡಚಿ ಬಸ್ಸಲ್ಲಿ ತರಬಹುದು. ಇದು ಅಲ್ಯೂಮಿನಿಯಂ ಪೈಪಿನ ತ್ರಿಕೋನ ರೆಕ್ಕೆ, ಕೆಳಗೆ ಎ ಆಕಾರದ ಹಿಡಿ, ಮಧ್ಯದಲ್ಲಿ ಹಾರ್ನೆಸ್ಸಿನಲ್ಲಿ ನಾವು ನೇತಾಡೋದು. ಮಡಚಿದ್ರೂ ಆರು ಮೀಟರ್ ಉದ್ದ. ಕಾರಿನ ಮೇಲೆ ಕಟ್ಟಿಕೊಂಡು ಹೋದ್ರೆ ಟೋಲಲ್ಲಿ ಎಲ್ಲರೂ ಇಣುಕಿ ನೋಡ್ತಾರೆ. ಕಲಿತದ್ದು ಸೈನ್ಯದಿಂದ ನಿವೃತ್ತರಾದ ಒಬ್ಬರ ಹತ್ತಿರ, ಎಂಟು ದಿನ, ಬೇರೆ ಊರಲ್ಲಿ.

ಮುಳಬಾಗಿಲು ಕಡೆ ಒಂದು ಗೋಮಾಳ ಇದೆ. ಮೂಡಲಕ್ಕೆ ಇಳಿಯೋ ಬೋಳು ದಿಣ್ಣೆ, ಹದಿನೈದು ಹದಿನೆಂಟು ಮೀಟರ್ ಎತ್ತರ ಇರಬಹುದು, ಕೆಳಗೆ ಕೊಯ್ಲಾದ ರಾಗಿ ಹೊಲ. (ಜಾಗದ ಹೆಸರು ಕೇಳಬೇಡಿ. ಜನ ಸೇರಿದ್ರೆ ಹೊಲದ ಯಜಮಾನರು ನಮ್ಮನ್ನೂ ಓಡಿಸ್ತಾರೆ.) ಪ್ರತಿ ಭಾನುವಾರ ನಾನು, ನನ್ನ ಭಾವಮೈದ ಬೆಳಿಗ್ಗೆ ಐದಕ್ಕೇ ಹೊರಡ್ತೀವಿ.

ಈಗ ಲೆಕ್ಕ ಕೇಳಿ. ಮೂರು ಭಾನುವಾರ ಹಿಂಗಾರು ಮಳೆ. ಎರಡು ಸಲ ಮಂಜು, ಒಂಬತ್ತಾದ್ರೂ ಮುಂದಿನ ಹುಣಸೆ ಮರ ಕಾಣ್ಲಿಲ್ಲ. ಎರಡು ಸಲ ಗಾಳಿ ಬೆನ್ನ ಕಡೆಯಿಂದ. ಒಂದು ಸಲ ಪೂರ್ತಿ ಅಡ್ಡ. ಒಂದು ಸಲ ಜೋರು. ಹಾರಿದ್ದು ಎರಡು ದಿನ, ದಿನಕ್ಕೊಂದು ಸಲ. ಒಂದು 40 ಮೀಟರ್, ಇನ್ನೊಂದು 60 ಮೀಟರ್, ಹನ್ನೆರಡು ಸೆಕೆಂಡ್. ಅಷ್ಟಕ್ಕೆ ಹನ್ನೊಂದು ವಾರ ನಾಲ್ಕು ಗಂಟೆಗೆ ಅಲಾರಂ.

ಅಲ್ಲಿ ಕುರಿ ಮೇಯಿಸೋ ತಾತ ಒಬ್ಬರು ಬರ್ತಾರೆ. ಮೊದಲ ದಿನ ‘ಏನ್ ಸಾಮಿ, ಟೆಂಟಾ, ಸರ್ಕಸ್ಸಾ?’ ಅಂದ್ರು. ಈಗ ನಮ್ಮನ್ನ ಕಂಡ ತಕ್ಷಣ ಆಕಾಶ ನೋಡಿ, ‘ಈ ರೋಜು ಗಾಲಿ ರಾದು’ (ಇವತ್ತು ಗಾಳಿ ಬರಲ್ಲ) ಅಂತ ತೆಲುಗಲ್ಲಿ ಹೇಳಿಬಿಟ್ಟು ಮುಂದೆ ಹೋಗ್ತಾರೆ. ಬಹುತೇಕ ಅವರು ಹೇಳಿದ ಹಾಗೇ ಆಗುತ್ತೆ.

ಪ್ರಶ್ನೆ ಇಷ್ಟೇ: ಕಾಯೋದನ್ನ ನೀವು ಹೇಗೆ ಕಲಿತ್ರಿ? ಯಾವಾಗ ‘ಇವತ್ತು ಆಗಲ್ಲ’ ಅಂತ ತೀರ್ಮಾನ ಮಾಡ್ತೀರಿ?

ಇನ್ನೊಂದು ಮರೆತೆ. ಒಂದು ಡೌನ್‌ಟ್ಯೂಬ್ (ಎ ಆಕಾರದ ಹಿಡಿಯ ಪಕ್ಕದ ಪೈಪು) ಬೇಕಿತ್ತು, ಎಡಗಡೆದು. ಎಲ್ಲಿ ಸಿಗುತ್ತೆ? ನಮ್ಮ ಗ್ಯಾರೇಜಿನವನು ತಟ್ಟಿ ನೇರ ಮಾಡಿಕೊಡ್ತೀನಿ ಅಂತಾನೆ.

ಬೆಂಗ್ಳೂರ್_ಪ್ಯಾರಾ – ಭಾನುವಾರ, ರಾತ್ರಿ 10:15

ಗುರು, ನಮ್ಮ ಕಥೆನೂ ಬೇರೆ ಏನಿಲ್ಲ. ಪ್ಯಾರಾಗ್ಲೈಡಿಂಗ್‌ಗೆ ಅಂತ ಮಹಾರಾಷ್ಟ್ರದ ಕಾಮ್‌ಶೇಟ್‌ಗೆ ಹತ್ತು ದಿನ ರಜೆ ಹಾಕಿ ಹೋಗಿ ನಾಲ್ಕು ದಿನ ಟೀ ಕುಡಿದು ವಾಪಸ್ ಬಂದವನು ನಾನು. ಹಿಮಾಚಲದ ಬೀರ್ ಬಿಲ್ಲಿಂಗ್‌ನಲ್ಲಿ 2015ರಲ್ಲಿ ಪ್ಯಾರಾಗ್ಲೈಡಿಂಗ್ ವಿಶ್ವಕಪ್ ನಡೆದಿದ್ದು ಗೊತ್ತಲ್ಲ, ಅಂಥ ಜಾಗದಲ್ಲೂ ಹವಾಮಾನ ಸರಿ ಇಲ್ಲ ಅಂದ್ರೆ ಪೈಲಟ್‌ಗಳು ಮೇಲೆ ಕೂತು ಇಸ್ಪೀಟು ಆಡ್ತಾರೆ.

ಅಷ್ಟು ಚಿಕ್ಕ ದಿಣ್ಣೆ ಯಾಕೆ? ನಂದಿ ಬೆಟ್ಟ ಇದೆ, ಸ್ಕಂದಗಿರಿ ಇದೆ, ನಿಮ್ಮೂರಲ್ಲೇ ಅಂತರಗಂಗೆ ಇದೆ. ಎತ್ತರ ಇದ್ರೆ ಗಾಳಿನೂ ಚೆನ್ನಾಗಿ ಸಿಗುತ್ತೆ ಅಲ್ವಾ?

ಹಳೇ_ರೆಕ್ಕೆ (ಚಿಕ್ಕಬಳ್ಳಾಪುರ) – ಸೋಮವಾರ, ಬೆಳಿಗ್ಗೆ 6:05

ದಿಣ್ಣೆಯವರೇ, ನಿಮ್ಮ ಕೊನೆಯ ಸಾಲನ್ನೇ ಮೊದಲು ಕೇಳ್ತೀನಿ. ಡೌನ್‌ಟ್ಯೂಬ್ ಹೇಗೆ ಬಾಗಿತು?

ಗ್ಯಾರೇಜಿನವರಿಗೆ ಬೇಡ ಅಂತ ಹೇಳಿ. ಆ ಪೈಪು ಇರೋದೇ ಬಾಗೋದಕ್ಕೆ. ಕೆಟ್ಟ ಇಳಿತದಲ್ಲಿ ಅದು ಬಾಗಿದ್ರೆ ನಿಮ್ಮ ಕೈ ಮೂಳೆ ಉಳಿಯುತ್ತೆ. ಒಂದು ಸಲ ಬಾಗಿದ ಅಲ್ಯೂಮಿನಿಯಂ ಅನ್ನು ನೇರ ಮಾಡಿದರೆ ಕಣ್ಣಿಗೆ ನೇರ, ಒಳಗೆ ಸತ್ತಿರುತ್ತೆ. ಹಾರ್ಡ್‌ವೇರ್ ಅಂಗಡಿಯ ಕಿಟಕಿ ಪೈಪು ಹಾಕಿಕೊಳ್ಳೋ ಯೋಚನೆಯೂ ಬೇಡ. ರೆಕ್ಕೆಗೆ ಹಾಕೋದು 6061-ಟಿ6 ಥರದ ಗಟ್ಟಿ ಮಿಶ್ರಲೋಹ, ಗೋಡೆಯ ದಪ್ಪವೂ ಲೆಕ್ಕದ್ದು. ನಿಮ್ಮದು ಯಾವ ಮಾಡೆಲ್ ತಿಳಿಸಿ. ನನ್ನ ಹತ್ತಿರ ದ್ರಾಕ್ಷಿ ತೋಟದ ಶೆಡ್ಡಿನಲ್ಲಿ ಕೆಲವು ಬಿಡಿಭಾಗಗಳಿವೆ.

ಬೆಂಗಳೂರಿನ ಗೆಳೆಯರಿಗೆ: ನಂದಿ ಬೆಟ್ಟದ ತುದಿ 1478 ಮೀಟರ್. ಅಲ್ಲಿಂದ ದೇವನಹಳ್ಳಿ ವಿಮಾನ ನಿಲ್ದಾಣಕ್ಕೆ ನೇರ ಗೆರೆ ಎಳೆದರೆ 20 ಕಿಲೋಮೀಟರ್ ಕೂಡ ಆಗೋದಿಲ್ಲ. ಆ ಆಕಾಶ ನಮ್ಮದಲ್ಲ, ಅನುಮತಿ ಇಲ್ಲದೆ ಅಲ್ಲಿ ಹಾರೋ ಮಾತೇ ಇಲ್ಲ. ಸ್ಕಂದಗಿರಿ ಅರಣ್ಯ ಇಲಾಖೆಯದು, ಚಾರಣಕ್ಕೇ ಮೊದಲು ಬುಕಿಂಗ್ ಮಾಡಬೇಕು. ಅಂತರಗಂಗೆಯಲ್ಲಿ ನೀವು ಓಡೋದು ಎಲ್ಲಿ? ಬಂಡೆಯಿಂದ ಬಂಡೆಗೆ ಹಾರೋದಕ್ಕೆ ಕೋತಿಗಳೇ ಸಾಕಷ್ಟಿವೆ. ಹೊಸಬರಿಗೆ ಬೇಕಾದದ್ದು ಹುಲ್ಲು, ಇಳಿಜಾರು, ಮುಂದೆ ಬಯಲು. ಇವರ ದಿಣ್ಣೆ ಹೇಳಿ ಮಾಡಿಸಿದ ಹಾಗಿದೆ. ತಪ್ಪಾದರೂ ಬೀಳೋದು ಎರಡಾಳು ಎತ್ತರದಿಂದ.

ಮೂಡಲ_ದಿಣ್ಣೆ – ಸೋಮವಾರ, ಬೆಳಿಗ್ಗೆ 7:30

ಸಾರ್, ತುಂಬಾ ಥ್ಯಾಂಕ್ಸ್. ಮಾಡೆಲ್ ಮೆಸೇಜ್ ಮಾಡಿದೀನಿ. ಟ್ಯೂಬ್ ಕಾರಿಂದ ಇಳಿಸುವಾಗ ಬಾಗಿತು. ಶಿಫ್ಟಿಗೆ ಟೈಮಾಯ್ತು, ನರಸಾಪುರ ಬಸ್ಸಲ್ಲಿದೀನಿ, ಸಂಜೆ ಬರೀತೀನಿ.

ಸುಮ್ನೆ_ಕೇಳ್ದೆ – ಸೋಮವಾರ, ಬೆಳಿಗ್ಗೆ 11:20

ಹನ್ನೆರಡು ಸೆಕೆಂಡಿಗೋಸ್ಕರ ಹನ್ನೊಂದು ವಾರ! ಆ ಪೆಟ್ರೋಲ್ ದುಡ್ಡಲ್ಲಿ ವಿಮಾನದಲ್ಲೇ ಗೋವಾಕ್ಕೆ ಹೋಗಿ ಬರಬಹುದಿತ್ತಲ್ಲ ಅಣ್ಣ. ಮನೇಲಿ ಏನೂ ಅನ್ನಲ್ವಾ?

ಸೌಮ್ಯ_ಮೇಡಂ (ಚಿಂತಾಮಣಿ) – ಸೋಮವಾರ, ಸಂಜೆ 5:50

ನಾನು ಹಾರೋಳಲ್ಲ, ಪ್ರೌಢಶಾಲೆಯಲ್ಲಿ ವಿಜ್ಞಾನ ಪಾಠ ಮಾಡ್ತೀನಿ. ಆದರೆ ‘ಎರಡು ಸಲ ಗಾಳಿ ಬೆನ್ನ ಕಡೆಯಿಂದ’ ಅಂದಿರಲ್ಲ, ಅದು ನನಗೆ ಕುತೂಹಲ. ಎಷ್ಟು ಗಂಟೆಗೆ ನೋಡಿದ್ದು? ಬೆಳಿಗ್ಗೆ ಆರು ಆರೂವರೆ ಆಗಿದ್ದರೆ ಅದು ಆ ದಿನದ ಗಾಳಿಯೇ ಅಲ್ಲ.

ರಾತ್ರಿಯಿಡೀ ನೆಲ ತಣ್ಣಗಾಗುತ್ತೆ, ನೆಲಕ್ಕಂಟಿದ ಗಾಳಿಯೂ ತಣ್ಣಗಾಗಿ ಭಾರವಾಗುತ್ತೆ, ನೀರಿನ ಹಾಗೆ ಇಳಿಜಾರು ಹಿಡಿದು ಕೆಳಗೆ ಹರಿಯುತ್ತೆ. ಮೂಡಲಕ್ಕೆ ಇಳಿಯೋ ದಿಣ್ಣೆಯ ತಲೆಯ ಮೇಲೆ ನಿಂತವರಿಗೆ ಅದು ಬೆನ್ನಿಗೇ ಬಡಿಯಬೇಕು. ಚಳಿಗಾಲದ ಬೆಳಿಗ್ಗೆ ನಮ್ಮ ಊರಾಚೆ ನಿಂತು ಒಲೆಯ ಹೊಗೆ ನೋಡಿ: ಸ್ವಲ್ಪ ಮೇಲೆದ್ದು, ಅಲ್ಲಿಂದ ಮುಂದಕ್ಕೆ ಹೋಗಲಾರದೆ ಚಾಪೆ ಹಾಸಿದ ಹಾಗೆ ಅಡ್ಡಲಾಗಿ ಹರಡಿರುತ್ತೆ. ಕೆಳಗೆ ತಣ್ಣನೆ ಗಾಳಿ, ಮೇಲೆ ಅದಕ್ಕಿಂತ ಬೆಚ್ಚಗಿನ ಗಾಳಿ ಮುಚ್ಚಳ ಹಾಕಿದ ಹಾಗೆ. ಆ ಮುಚ್ಚಳದ ಮೇಲೆ ಮೂಡಣ ಗಾಳಿ ಬೀಸ್ತಾ ಇದ್ದರೂ ನಿಮ್ಮ ಮುಖಕ್ಕೆ ತಾಗೋದಿಲ್ಲ. ಬಿಸಿಲು ಏರಿ ನೆಲ ಕಾದ ಮೇಲೆ ಮುಚ್ಚಳ ಒಡೆಯುತ್ತೆ, ಮೇಲಿನ ಗಾಳಿ ಕೆಳಗಿಳಿಯುತ್ತೆ. ಈ ತಿಂಗಳಲ್ಲಿ ಸುಮಾರು ಎಂಟೂವರೆ ಒಂಬತ್ತಕ್ಕೆ. ನಿಮ್ಮ ದಿಣ್ಣೆ ಮೂಡಲಕ್ಕೆ ಮುಖ ಮಾಡಿರೋದರಿಂದ ಮೊದಲ ಬಿಸಿಲು ಬೀಳೋದೂ ಅಲ್ಲೇ, ಇಳಿಜಾರಿನ ಗಾಳಿ ದಿಕ್ಕು ತಿರುಗೋದೂ ಅಲ್ಲೇ ಬೇಗ.

ಆ ತಾತ ಆಕಾಶ ನೋಡ್ತಾರೆ ಅಂದಿರಲ್ಲ, ಹೊಗೆನೂ ನೋಡ್ತಿರಬಹುದು, ಕೇಳಿ ನೋಡಿ.

ಕಣದ_ಹನುಮ (ಶಿರಾ, ತುಮಕೂರು) – ಸೋಮವಾರ, ರಾತ್ರಿ 8:10

ಮೇಡಂ ಸರಿಯಾಗಿ ಹೇಳವ್ರೆ. ನಾವು ಓದ್ಕಂಡೋರಲ್ಲ, ಆದ್ರೆ ಗಾಳಿ ಕಾಯೋ ವಿಚಾರ ಅಂದ್ರೆ ನನ್ನ ಬಿಟ್ಟು ಮಾತಾಡ್ಬೇಡಿ.

ಈಗೆಲ್ಲ ಮಿಷಿನ್ನು. ರೋಡಿಗೆ ಹಾಕಿದ್ರೆ ಲಾರಿಗಳೇ ಒಕ್ಕಣೆ ಮಾಡ್ಬಿಡ್ತವೆ. ನಮ್ಮಪ್ಪನ ಕಾಲ್ದಾಗೆ ಕಣ ಮಾಡಿ, ಸಗಣಿ ಸಾರ್ಸಿ, ಗುಂಡು ಹೊಡ್ದು, ರಾಶಿ ತೂರಾಕೆ ಗಾಳಿಗೆ ಕಾಯ್ಬೇಕಿತ್ತು. ‘ಗಾಳಿ ಬಂದಾಗ ತೂರ್ಕೋ’ ಅಂತಾರಲ್ಲ, ಜನ ಅದನ್ನ ಅವಕಾಶ ಸಿಕ್ದಾಗ ಬಾಚ್ಕೋ ಅನ್ನೋ ಅರ್ಥಕ್ಕೆ ಆಡ್ತಾರೆ. ಕಣದಾಗೆ ನಿಂತೋನಿಗೆ ಅದ್ರ ಅರ್ಥ ಬೇರೆ. ಗಾಳಿ ಬಂದಾಗ ಮಾತ್ರ ತೂರು, ಅಷ್ಟೇಯ. ಬರ್ದಿದ್ರೆ ಕೂತ್ಕೋ.

ಎತ್ತರದ ಮಣೆ ಮ್ಯಾಲೆ ಅಪ್ಪ ನಿಂತ್ಕಂಡ್ರೆ ನಾವು ಮೊರ ತುಂಬ್ಸಿ ಕೊಡೋದು. ಸುರಿಯಾಕೆ ಮುಂಚೆ ಒಂದು ಹಿಡಿ ಹೊಟ್ಟು ತಗಂಡು ಬಿಡೋನು. ಎಲ್ಲಿಗೆ ಬಿತ್ತು, ನೆಟ್ಟಗೆ ಹೋಯ್ತಾ, ಸುತ್ತಿ ಬಿತ್ತಾ ನೋಡೋನು. ಒಂದ್ಸಲ ಅಲ್ಲ, ನಾಕೈದು ಸಲ. ಗಾಳಿ ಅನ್ನೋದು ಉಸ್ರು ಇದ್ದಂಗೆ, ತಗಂಡು ಬಿಡ್ತದೆ. ಆ ಉಸ್ರಿನ ಲೆಕ್ಕ ಸಿಕ್ಕೋಗಂಟ ಮೊರ ಬಗ್ಸಿದೋನೇ ಅಲ್ಲ.

ಇನ್ನೊಂದು ಕೇಳಿ. ಗಾಳಿ ಇಲ್ದಿದ್ರೆ ಹೊಟ್ಟು ಕಾಳು ಎಲ್ಲ ಕಾಲ ಬುಡಕ್ಕೇ ಬೀಳ್ತದೆ, ನಷ್ಟ ಏನಿಲ್ಲ, ತಿರ್ಗಾ ತೂರ್ಬೋದು. ಗಾಳಿ ಜೋರಿದ್ದಾಗ ತೂರಿದ್ರೆ ಕಾಳೇ ಹೊಟ್ಟಿನ ಸಂಗಡ ಹೋಗ್ಬಿಡ್ತದೆ. ಅದು ತಿರ್ಗಾ ಬರಾಕಿಲ್ಲ. ನಮ್ಮಪ್ಪ ಬೈತಿದ್ದಿದ್ದು ಜೋರು ಗಾಳೀಲಿ ಆತ್ರ ಪಟ್ಟೋರ್ನೇ.

ಮೂಡಲ_ದಿಣ್ಣೆ – ಸೋಮವಾರ, ರಾತ್ರಿ 9:25

ಹನುಮಣ್ಣ, ಹಿಡಿ ಹೊಟ್ಟಿನ ಉಪಾಯ ಮುಂದಿನ ಸಲ ಹೋದಾಗ್ಲೇ ಮಾಡ್ತೀನಿ. ಇಲ್ಲಿವರೆಗೂ ನಾನು ನೋಡ್ತಿದ್ದದ್ದು ಮೊಬೈಲ್ ಆ್ಯಪು, ಮತ್ತೆ ಕೋಲಿಗೆ ಕಟ್ಟಿದ ಹಳೇ ಸೀರೆ ಅಂಚಿನ ರಿಬ್ಬನ್ನು.

ಮೇಡಂ, ಹೌದು, ಎರಡೂ ಸಲ ಆರೂಕಾಲಿಗೆ ನೋಡಿ, ಬೆನ್ನ ಗಾಳಿ ಅಂತ ಏಳೂವರೆಗೆ ಮಡಚಿಬಿಟ್ವಿ. ಅಯ್ಯೋ.

ಕೆಜಿಎಫ್_ಹೈದ – ಸೋಮವಾರ, ರಾತ್ರಿ 10:40

ಬ್ರದರ್, ಸೈನೈಡ್ ದಿಬ್ಬಕ್ಕೆ ಬನ್ನಿ ಅಂತ ಯಾರೂ ಹೇಳಿಲ್ಲ ಇನ್ನೂ? ಎಲ್ಲರೂ ಅದನ್ನೇ ಕೇಳ್ತಾರೆ. ನೋಡೋಕೆ ಮರಳುಗಾಡಿನ ಗುಡ್ಡ, ಮರ ಇಲ್ಲ ಬಂಡೆ ಇಲ್ಲ, ಯಾವ ದಿಕ್ಕಿಗೆ ಬೇಕಾದ್ರೂ ಓಡಬಹುದು.

ಬರಬೇಡಿ. 2001ರಲ್ಲಿ ಗಣಿ ಮುಚ್ಚಿತು, ಅರೆದು ಚಿನ್ನ ತೆಗೆದ ಕಲ್ಲಿನ ಪುಡಿ ಅಲ್ಲೇ ಉಳೀತು. ಆಷಾಢದ ಗಾಳಿ ಶುರುವಾದ್ರೆ ನಾವು ಗಾಳಿ ಕಾಯಲ್ಲ ಬ್ರದರ್, ಕಿಟಕಿ ಮುಚ್ಚಿಕೊಂಡು ಗಾಳಿ ನಿಲ್ಲೋದನ್ನ ಕಾಯ್ತೀವಿ. ಅಜ್ಜಿ ಒದ್ದೆ ಬಟ್ಟೆ ಬಾಗಿಲ ಸಂದಿಗೆ ತುರುಕಿ ಇಡ್ತಿದ್ರು. ಓಡಿದ್ರೆ ಕಾಲಡಿ ಏಳೋ ಧೂಳು ನೇರ ಶ್ವಾಸಕೋಶಕ್ಕೆ.

ಹಳೇ_ರೆಕ್ಕೆ – ಮಂಗಳವಾರ, ಬೆಳಿಗ್ಗೆ 5:55

ಕೆಜಿಎಫ್‌ನವರು ಹೇಳಿದ್ದು ಸರಿ, ಆ ದಿಬ್ಬ ಬೇಡವೇ ಬೇಡ. ಆದರೆ ‘ಯಾವ ದಿಕ್ಕಿಗೆ ಬೇಕಾದ್ರೂ ಓಡಬಹುದು’ ಅನ್ನೋ ಮಾತಿಗೆ ಒಂದು ಹಳೇ ಕಥೆ ಇದೆ, ಹೇಳಿಬಿಡ್ತೀನಿ.

ಜರ್ಮನಿಯ ಒಟ್ಟೊ ಲಿಲಿಯೆಂಟಾಲ್ ಅಂತ ಎಂಜಿನಿಯರು. 1891ರಿಂದ ಐದು ವರ್ಷದಲ್ಲಿ ಸುಮಾರು ಎರಡು ಸಾವಿರ ಸಲ ಜಾರು ಹಾರಾಟ ಮಾಡಿದವನು, ವಿಲೋ ಮರದ ಕಡ್ಡಿ ಮತ್ತು ಹತ್ತಿ ಬಟ್ಟೆಯ ರೆಕ್ಕೆಯಲ್ಲಿ. ನಾವು ಇವತ್ತು ಮಾಡೋ ಹಾಗೆ ಮೈ ವಾಲಿಸಿಯೇ ರೆಕ್ಕೆ ನಡೆಸ್ತಿದ್ದ. ಅವನಿಗೂ ದಿಣ್ಣೆಯವರ ತಲೆನೋವೇ: ಬೆಟ್ಟ ಒಂದು ಕಡೆ ಮುಖ ಮಾಡಿದೆ, ಗಾಳಿ ಇನ್ನೊಂದು ಕಡೆಯಿಂದ. ಕಾದು ಕಾದು ಸಾಕಾಗಿ 1894ರಲ್ಲಿ ಬರ್ಲಿನ್ ಹತ್ತಿರ ಲಿಷ್ಟರ್‌ಫೆಲ್ಡೆಯಲ್ಲಿ ಮಣ್ಣು ಸುರಿಸಿ 15 ಮೀಟರ್ ಎತ್ತರದ ಗುಡ್ಡವನ್ನೇ ಕಟ್ಟಿಸಿಕೊಂಡ. ನಮ್ಮ ರಾಗಿ ರಾಶಿಯ ಆಕಾರ, ಗಾಳಿ ಎಲ್ಲಿಂದ ಬಂದರೂ ಅದಕ್ಕೆ ಎದುರಾಗಿ ಓಡಬಹುದು. ದಿಕ್ಕಿನ ಸಮಸ್ಯೆ ತೀರಿತು, ಬಿರುಸಿನದು ತೀರಲಿಲ್ಲ. 1896ರ ಆಗಸ್ಟ್ 9ರಂದು ಬೇರೊಂದು ಗುಡ್ಡದಲ್ಲಿ ಹಾರುವಾಗ ರೆಕ್ಕೆ ಮೂಗೆತ್ತಿ ನಿಂತುಬಿಟ್ಟಿತು, ಸುಮಾರು 15 ಮೀಟರಿನಿಂದ ಬಿದ್ದ, ಮರುದಿನ ಸತ್ತ. ಎರಡು ಸಾವಿರ ಸಲ ಹಾರಿದ್ದ ಮನುಷ್ಯ.

ನಾವು ಹಿಡಿಯೋ ತ್ರಿಕೋನ ರೆಕ್ಕೆಗೆ ಮೂಲ ಅಮೆರಿಕದ ಫ್ರಾನ್ಸಿಸ್ ರೊಗಾಲೊ ದಂಪತಿ 1948ರಲ್ಲಿ ಮಾಡಿದ ಗಾಳಿಪಟ. ಹೆಂಡತಿ ಗರ್ಟ್ರೂಡ್ ಅಡುಗೆಮನೆಯ ಪರದೆ ಬಟ್ಟೆಯಲ್ಲಿ ಹೊಲಿದುಕೊಟ್ಟದ್ದು. ಅದಕ್ಕೆ ನೇತಾಡೋ ಹಿಡಿ ಸೇರಿಸಿ ನಡೆಸೋ ಹಾಗೆ ಮಾಡಿದವನು ಆಸ್ಟ್ರೇಲಿಯದ ಜಾನ್ ಡಿಕನ್‌ಸನ್, 1963ರಲ್ಲಿ. ಅಂದರೆ ನಮ್ಮ ಕೈಲಿರೋದು ಕೊನೆಗೂ ಗಾಳಿಪಟವೇ, ಬಾಲಂಗೋಚಿಯ ಜಾಗದಲ್ಲಿ ನಾವಿದ್ದೀವಿ.

ಇನ್ನು ನನ್ನ ಪ್ರಶ್ನೆಗೆ ಸಿಕ್ಕ ಉತ್ತರ. ಕಾರಿಂದ ಇಳಿಸುವಾಗ ಡೌನ್‌ಟ್ಯೂಬ್ ಬಾಗೋದು ಬಹಳ ಅಪರೂಪ. ಮಡಚಿದಾಗ ಅದು ಚೀಲದ ಒಳಗೆ ಕೀಲ್‌ಗೆ, ಅಂದರೆ ರೆಕ್ಕೆಯ ನಡು ಪೈಪಿಗೆ, ಒರಗಿ ಮಲಗಿರುತ್ತೆ. ಒತ್ತಾಯ ಇಲ್ಲ. ಕೇಳಿದೆ ಅಷ್ಟೆ.

ತಂತಿ_ಹಿಡಿಯೋನು – ಮಂಗಳವಾರ, ಮಧ್ಯಾಹ್ನ 1:15

ಇದು ನನ್ನ ಮೊದಲನೇ ಪೋಸ್ಟು. ದಿಣ್ಣೆಯವರ ಭಾವಮೈದ ನಾನೇ. ಓಡೋವರೆಗೆ ರೆಕ್ಕೆ ವಾಲದ ಹಾಗೆ ಅದರ ಪಕ್ಕದ ತಂತಿ (ಸೈಡ್ ವೈರ್) ಹಿಡಿಯೋದು ನನ್ನ ಕೆಲಸ.

ಭಾವ, ಕ್ಷಮಿಸಿ. ಟ್ಯೂಬು ಕಾರಲ್ಲಿ ಬಾಗಿದ್ದಲ್ಲ. ಇವರು ಎಲ್ಲಾ ಕೇಳಿ ಇಷ್ಟು ಹೇಳ್ತಿದಾರೆ, ನೀವು ಮುಚ್ಚಿಡ್ತಿದೀರಿ. ಅಕ್ಕನಿಗೆ ನಾನು ಹೇಳಿಲ್ಲ, ಹೇಳೋದೂ ಇಲ್ಲ.

ಮೂಡಲ_ದಿಣ್ಣೆ – ಮಂಗಳವಾರ, ರಾತ್ರಿ 10:50

ಸರಿ. ಹೇಳ್ತೀನಿ.

‘ಒಂದು ಸಲ ಜೋರು’ ಅಂತ ಮೊದಲು ಬರೆದೆನಲ್ಲ, ಅದು ಮೊನ್ನೆ ಭಾನುವಾರ. ಆರಕ್ಕೆ ಹೋದ್ವಿ, ಏಳಕ್ಕೆ ರೆಕ್ಕೆ ಬಿಚ್ಚಿ ಬಟ್ಟೆ ಬಿಗಿಯಾಗಿ ನಿಲ್ಲಿಸೋ ಕಡ್ಡಿ (ಬ್ಯಾಟನ್) ಎಲ್ಲಾ ತೂರಿಸಿ ರೆಡಿ. ಎಂಟಾಯ್ತು, ಒಂಬತ್ತಾಯ್ತು, ಎಲೆ ಅಲುಗಲಿಲ್ಲ. ಹತ್ತಕ್ಕೆ ಸ್ವಲ್ಪ ಬಂತು, ಅಡ್ಡ. ಹತ್ತೂವರೆಗೆ ನೇರ ಆಯ್ತು. ಗಾಳಿ ಅಳೆಯೋ ಮೀಟರ್ ಹಿಡಿದು ನೋಡಿದೆ, ಗಂಟೆಗೆ ಕಿಲೋಮೀಟರ್ ಲೆಕ್ಕದಲ್ಲಿ: 14, 16, ಆಮೇಲೆ 24, ಮತ್ತೆ 12. ಕೆಳಗೆ ಹೊಲದಲ್ಲಿ ರಾಗಿ ಸೊಪ್ಪೆ ಒಂದು ಕಡೆ ಗಿರ್ರನೆ ಸುತ್ತಿ ಮೇಲೆದ್ದದ್ದೂ ಕಾಣ್ತು. ಇವನು ‘ಬೇಡ ಭಾವ’ ಅಂದ. ನಾಲ್ಕೂವರೆ ಗಂಟೆ ಕಾದಿದೀನಿ, ಮುಂದಿನ ಭಾನುವಾರ ಶಿಫ್ಟ್ ಬೀಳುತ್ತೆ, ಅದಕ್ಕೇ ಅಷ್ಟು ಆತುರ. 12 ತೋರಿಸಿದ ಕ್ಷಣ ‘ಬಿಡು’ ಅಂದೆ. ಅವನು ವೈರ್ ಬಿಟ್ಟ.

ಮೂರು ಹೆಜ್ಜೆ ಓಡಿದೆ ಅಷ್ಟೇ. ಬಲಗಡೆ ರೆಕ್ಕೆ ಯಾರೋ ಹಿಡಿದು ಎತ್ತಿದ ಹಾಗೆ ಎದ್ದು ನನ್ನನ್ನ ಎಡಕ್ಕೆ ತಿರುಗಿಸಿ ಕುಕ್ಕಿತು. ಎತ್ತರ ಒಂದಾಳು ಇರಬಹುದು. ಎಡ ಡೌನ್‌ಟ್ಯೂಬ್ ಮಡಚಿಕೊಳ್ತು, ಮಣಿಕಟ್ಟು ಊದಿಕೊಳ್ತು. ಮನೇಲಿ ಫ್ಯಾಕ್ಟರಿಲಿ ಜಾರಿ ಬಿದ್ದೆ ಅಂದೆ.

ಮೂರು ದಿನದಿಂದ ಅದೇ ಮೂರು ಹೆಜ್ಜೆ ಕಣ್ಣ ಮುಂದೆ ಬರ್ತಿದೆ.

ಸುಮ್ನೆ_ಕೇಳ್ದೆ – ಮಂಗಳವಾರ, ರಾತ್ರಿ 11:05

ಅಣ್ಣ, ನಿನ್ನೆ ತಮಾಷೆ ಮಾಡಿದ್ದಕ್ಕೆ ಬೇಜಾರು ಮಾಡ್ಕೋಬೇಡಿ. ಆದ್ರೂ ಮನೇಲಿ ಹೇಳಿಬಿಡಿ. ಮಣಿಕಟ್ಟು ಎಕ್ಸ್‌ರೇ ಆಯ್ತಾ?

ಸೌಮ್ಯ_ಮೇಡಂ – ಬುಧವಾರ, ಬೆಳಿಗ್ಗೆ 7:10

ದೊಡ್ಡ ಪೆಟ್ಟಾಗಲಿಲ್ಲವಲ್ಲ, ಅಷ್ಟು ಸಾಕು. ಆ ಅಂಕಿಗಳನ್ನು ನೋಡಿ ಲೆಕ್ಕ ಹಾಕದೆ ಇರೋಕಾಗಲಿಲ್ಲ. ಗಾಳಿಯ ಬಲ ವೇಗದ ಹಾಗೆ ಏರೋದಿಲ್ಲ, ವೇಗದ ವರ್ಗದ ಹಾಗೆ ಏರುತ್ತೆ. 12 ಇದ್ದದ್ದು 24 ಆದರೆ ವೇಗ ಎರಡು ಪಟ್ಟು, ಬಲ ನಾಲ್ಕು ಪಟ್ಟು. ನಿಮ್ಮ ರೆಕ್ಕೆ ಸುಮಾರು 16 ಚದರ ಮೀಟರ್ ಅಂತಿಟ್ಟುಕೊಳ್ಳೋಣ. ಅಂದಾಜು ಲೆಕ್ಕದಲ್ಲಿ, ಸುಮ್ಮನೆ ನಿಂತಿದ್ದರೂ 12ರ ಗಾಳಿ ಅದನ್ನು ಹತ್ತು ಕಿಲೋ ತೂಕದಷ್ಟು ಎತ್ತುತ್ತೆ, 24ರದು ನಲವತ್ತು ಕಿಲೋದಷ್ಟು. ರೆಕ್ಕೆಯ ತೂಕವೇ ಇಪ್ಪತ್ತೈದು ಮೂವತ್ತು ಕಿಲೋ. ಅದರ ಮೇಲೆ ನೀವು ಎದುರಿಗೆ ಓಡ್ತಿದ್ದೀರಿ, ಆ ವೇಗವೂ ಸೇರಬೇಕು. ಹೆಚ್ಚಿನ ಬಲ ಎರಡೂ ಕಡೆ ಸಮನಾಗಿ ಬರದೆ ಒಂದೇ ರೆಕ್ಕೆಗೆ ಬಂದಾಗ ಏನಾಗುತ್ತೆ ಅಂತ ನೀವೇ ಕಂಡಿರಿ.

ಸೊಪ್ಪೆ ಗಿರ್ರನೆ ಎದ್ದದ್ದು ಕಾದ ನೆಲದಿಂದ ಬಿಸಿ ಗಾಳಿ ಕಿತ್ತುಕೊಂಡು ಏಳೋ ಗುರುತು. ಹತ್ತೂವರೆಗೆ ಬಂದದ್ದು ಮೇಲಿನ ಮೂಡಣ ಗಾಳಿಯೊಂದೇ ಅಲ್ಲ, ಬಿಸಿ ಗಾಳಿಗೆ ಜಾಗ ತುಂಬೋಕೆ ನುಗ್ಗಿದ್ದೂ ಸೇರಿತ್ತು. ಮೀಟರ್ 12 ತೋರಿಸಿದ್ದು ಎರಡು ನುಗ್ಗಿನ ನಡುವಿನ ಬಿಡುವು.

ಹಳೇ_ರೆಕ್ಕೆ – ಬುಧವಾರ, ಬೆಳಿಗ್ಗೆ 8:30

ಹೇಳಿದ್ದಕ್ಕೆ ಸಂತೋಷ. ನಾನು ಇಪ್ಪತ್ತನಾಲ್ಕನೇ ವಯಸ್ಸಿನಲ್ಲಿ ಇದೇ ಸುಳ್ಳನ್ನು ನನ್ನ ಸುಬೇದಾರರಿಗೆ ಹೇಳಿದ್ದೆ. ಜೀಪಿಂದ ಇಳಿಸುವಾಗ ಬಾಗಿತು ಅಂತ.

ಈಗ ಕೇಳಿ. ಗಾಳಿ ಸರಿ ಇದೆಯೋ ಇಲ್ಲವೋ ಅನ್ನೋದನ್ನು ಹತ್ತೂವರೆಗೆ, ಹಾರ್ನೆಸ್ ತೊಟ್ಟುಕೊಂಡು, ಬಾರ್ (ಹಿಡಿಯ ಅಡ್ಡ ಪೈಪು) ಕೈಲಿ ಹಿಡಿದು ತೀರ್ಮಾನ ಮಾಡೋಕಾಗಲ್ಲ. ಅಷ್ಟು ಹೊತ್ತಿಗೆ ಕಣ್ಣು ತನಗೆ ಬೇಕಾದ್ದನ್ನೇ ನೋಡುತ್ತೆ. ನಿಮಗೆ 24 ಕಾಣಲಿಲ್ಲ, 12 ಕಂಡಿತು. ಮನೆ ಬಿಡೋ ಮುಂಚೆ ಚೀಟಿಯಲ್ಲಿ ಬರೆದುಕೊಳ್ಳಿ. ಹೊಸಬರಿಗೆ ನಾನು ಬರೆಸುತ್ತಿದ್ದದ್ದು: ಗಾಳಿ 10ರಿಂದ 18ರೊಳಗೆ, ಏರು ಇಳಿವಿನ ಅಂತರ 6 ದಾಟಬಾರದು, ದಿಕ್ಕು ಇಳಿಜಾರಿಗೆ ನೇರ ಇರಬೇಕು, ಹೆಚ್ಚೆಂದರೆ ಅಂಗೈ ಅಗಲ ಆಚೀಚೆ, ಇದೆಲ್ಲ ಒಂದೇ ಸಮ ಹತ್ತು ನಿಮಿಷ ನಿಲ್ಲಬೇಕು. ಹತ್ತು ನಿಮಿಷ ಅಂದರೆ ಹತ್ತು ನಿಮಿಷ, ಮಧ್ಯೆ ಒಂದು ಬಿರುಸು ಬಂದರೆ ಗಡಿಯಾರ ಮತ್ತೆ ಸೊನ್ನೆಯಿಂದ. ಈ ತಿಂಗಳಲ್ಲಿ ಒಂಬತ್ತೂವರೆಗೆ ಬರಲಿಲ್ಲ ಅಂದರೆ ಮಡಚಬೇಕು.

ಎರಡನೆಯದು: ‘ಬೇಡ’ ಅನ್ನೋ ಹಕ್ಕು ತಂತಿ ಹಿಡಿದವನದ್ದು. ಅವನಿಗೆ ಕಾರಣ ಹೇಳಬೇಕಾಗಿಲ್ಲ, ವಾದ ಇಲ್ಲ. ನಿಮ್ಮ ಭಾವಮೈದ ಸರಿಯಾಗಿಯೇ ನೋಡಿದ್ದ.

ಇನ್ನು ಕಾಯುವ ಹೊತ್ತಲ್ಲಿ ಏನು ಮಾಡಬೇಕು? ನೀವು ಏಳಕ್ಕೆ ರೆಕ್ಕೆ ಬಿಚ್ಚಿ ಕೂತಿರಿ. ನಾವು ಹಾಗೆ ಕೂರಲಿಕ್ಕೆ ಬಿಡ್ತಿರಲಿಲ್ಲ. ಚಪ್ಪಟೆ ಹೊಲದಲ್ಲಿ ರೆಕ್ಕೆ ಹೊತ್ತು ಓಡಿಸ್ತಿದ್ದೆವು. ನಡಿಗೆ, ಬಿರುಸು ನಡಿಗೆ, ಓಟ, ಮೂಗು ಏರಿಳಿಯದ ಹಾಗೆ, ರೆಕ್ಕೆಯ ತುದಿಗಳು ಸಮವಾಗಿ. ಗಾಳಿ ಇಲ್ಲದ ಬೆಳಗಿನ ಹೊತ್ತು ಅದಕ್ಕೇ ಒಳ್ಳೆಯದು. ಎಂಟು ಸಲ ಓಡಿದರೆ ಮೈ ಬೆವರುತ್ತೆ, ಹಾರೋ ಆತುರವೂ ಅರ್ಧ ಇಳಿಯುತ್ತೆ. ಇನ್ನೊಂದು ಮಾತು, ಕೋಲಾರ ಸಮುದ್ರ ಮಟ್ಟದಿಂದ ಎಂಟುನೂರು ಮೀಟರಿಗಿಂತ ಮೇಲಿದೆ. ಗಾಳಿ ಅಷ್ಟು ತೆಳು. ಸಮುದ್ರ ತೀರದ ಪುಸ್ತಕದಲ್ಲಿ ಬರೆದದ್ದಕ್ಕಿಂತ ನೀವು ನೂರಕ್ಕೆ ನಾಲ್ಕೈದರಷ್ಟು ಹೆಚ್ಚು ವೇಗದಲ್ಲಿ ಓಡಬೇಕು. ಮೂರು ಹೆಜ್ಜೆ ಓಡಿ ಬಾರ್ ಮುಂದಕ್ಕೆ ತಳ್ಳಿದಿರಾ? ತಳ್ಳಿರ್ತೀರಿ. ಎಲ್ಲರೂ ತಳ್ತಾರೆ.

ಪ್ರತಿ ಓಟಕ್ಕೂ ಮೊದಲು ಹಾರ್ನೆಸ್ಸಿನಲ್ಲಿ ಪೂರ್ತಿ ತೂಗಿ ನೋಡೋದನ್ನು ಬಿಡಬೇಡಿ. ಗಾಳಿ ಕಾದು ಬೇಸತ್ತು ಹಾರ್ನೆಸ್ ಬಿಚ್ಚಿ ಟೀ ಕುಡಿಯೋಕೆ ಹೋಗಿ, ಆಮೇಲೆ ಗಾಳಿ ಬಂತು ಅಂತ ಓಡಿಬಂದು, ಹಾರ್ನೆಸ್ಸನ್ನು ರೆಕ್ಕೆಗೆ ಸೇರಿಸೋ ಕೊಂಡಿ (ಕ್ಯಾರಬೀನರ್) ಸಿಕ್ಕಿಸದೆಯೇ ಹೊರಟವರಿದ್ದಾರೆ. ರೆಕ್ಕೆ ಹಾರುತ್ತೆ, ಮನುಷ್ಯ ಬಾರ್ ಹಿಡಿದು ಜೋತಾಡ್ತಾನೆ. ಹೆಚ್ಚು ಹೇಳಲ್ಲ.

ನಿಮ್ಮ ಮಾಡೆಲ್ಲಿನ ಟ್ಯೂಬು ಶೆಡ್ಡಿನಲ್ಲಿ ಸಿಕ್ಕಿತು. ನಾಳೆ ಕೋಲಾರದ ಬಸ್ಸಿಗೆ ಹಾಕ್ತೀನಿ. ದುಡ್ಡಿನ ಮಾತು ಬೇಡ. ಮಣಿಕಟ್ಟು ವಾಸಿಯಾಗೋವರೆಗೆ ಚೀಲ ಬಿಚ್ಚಬೇಡಿ.

ಕಣದ_ಹನುಮ – ಬುಧವಾರ, ರಾತ್ರಿ 8:45

ಹೊಟ್ಟು ಸುತ್ತಿ ಬಿದ್ರೆ ತೂರ್ಬ್ಯಾಡ ಅಂತ ಸೋಮವಾರ್ವೇ ಬರ್ದಿದ್ದೆ. ಒಂದು ದಿನ ತಡ್ವಾಗಿ ಬರ್ದೆ ಅಷ್ಟೇಯ.

ಬೆಂಗ್ಳೂರ್_ಪ್ಯಾರಾ – ಗುರುವಾರ, ಮಧ್ಯಾಹ್ನ 12:30

ಗಾಳಿ ತಡೆಯೋದ್ರಲ್ಲಿ ಹ್ಯಾಂಗ್ ಗ್ಲೈಡರ್ ನಮ್ಮ ಬಟ್ಟೆಗಿಂತ ಎಷ್ಟೋ ಮೇಲು ಅಂತ ಕೇಳಿದ್ದೆ. ಅಮೆರಿಕದ ಟೆಕ್ಸಾಸ್‌ನಲ್ಲಿ 2012ರಲ್ಲಿ ಡಸ್ಟಿನ್ ಮಾರ್ಟಿನ್ 760 ಕಿಲೋಮೀಟರ್ ದಾಟಿ ಹೋಗಿದ್ದೂ ಹ್ಯಾಂಗ್ ಗ್ಲೈಡರಲ್ಲೇ. ಹಾಗಾದ್ರೆ 24ಕ್ಕೆ ಯಾಕೆ ಹೀಗಾಯ್ತು?

ಹಳೇ_ರೆಕ್ಕೆ – ಗುರುವಾರ, ಮಧ್ಯಾಹ್ನ 2:00

ಮೇಲೆ ಹೋದಮೇಲೆ ನಿಮ್ಮ ಮಾತು ನಿಜ. ಬಾರ್ ಎಳೆದುಕೊಂಡರೆ ವೇಗ ಬರುತ್ತೆ, ಗಾಳಿ ಸೀಳಿಕೊಂಡು ಹೋಗಬಹುದು. ಕಷ್ಟ ಇರೋದು ನೆಲ ಬಿಡೋ ಕ್ಷಣದಲ್ಲಿ, ನೆಲ ಮುಟ್ಟೋ ಕ್ಷಣದಲ್ಲಿ. ಆಗ ವೇಗ ಕಮ್ಮಿ, ಹಾಗಾಗಿ ಹಿಡಿತವೂ ಕಮ್ಮಿ. ಮೀನಿಗೆ ದಡದಲ್ಲಿ ಆಗೋ ಗತಿ.

ಮೂಡಲ_ದಿಣ್ಣೆ – ಮೂರು ವಾರದ ನಂತರ, ಭಾನುವಾರ ಮಧ್ಯಾಹ್ನ 3:20

ಎಲ್ಲರೂ ಕೇಳ್ತಿದ್ರಿ, ಅದಕ್ಕೇ ಬರೀತಿದೀನಿ. ಮಣಿಕಟ್ಟು ಉಳುಕು ಅಷ್ಟೇ, ಮೂಳೆಗೆ ಏನೂ ಆಗಿರ್ಲಿಲ್ಲ. ಮನೇಲಿ ಹೇಳಿದೆ. ಎರಡು ದಿನ ಮಾತಿಲ್ಲ, ಮೂರನೇ ದಿನ ಅವಳೇ ಹೆಲ್ಮೆಟ್ ಪಟ್ಟಿ ಸವೆದಿದೆ, ಹೊಸದು ತಗೊಳ್ಳಿ ಅಂದ್ಲು. ರೆಕ್ಕೆ ಸಾರ್ ಕಳಿಸಿದ ಟ್ಯೂಬು ಹಾಕಿದೆ, ಕರಾರುವಾಕ್ಕಾಗಿ ಕೂತಿದೆ.

ಇವತ್ತು ಹೋಗಿದ್ವಿ. ಆರಕ್ಕೆ ಬೆನ್ನ ಗಾಳಿ, ಅದನ್ನ ನೋಡಿ ನಗು ಬಂತು. ಕೆಳಗಿನ ಹೊಲದಲ್ಲಿ ರೆಕ್ಕೆ ಹೊತ್ತು ಒಂಬತ್ತು ಸಲ ಓಡಿದೆ. ತಾತನ್ನ ಕೇಳಿದೆ ಮೇಡಂ, ನೀವು ಹೇಳಿದ ಹಾಗೆ. ಹೊಗೆ ಅಲ್ಲವಂತೆ. ಹದ್ದುಗಳು ಕೆರೆ ಏರಿಯ ಮರ ಬಿಟ್ಟು ಎದ್ದಿದಾವಾ ಅಂತ ನೋಡ್ತಾರಂತೆ. ಅವು ರೆಕ್ಕೆ ಬಡಿಯದೆ ಸುತ್ತೋಕೆ ಶುರು ಮಾಡಿದ್ರೆ ಕುರಿಗಳನ್ನ ನೆರಳಿಗೆ ಹೊಡೀತಾರೆ. ನಮಗೂ ಅದೇ ಮಡಚೋ ಹೊತ್ತು ಅಂತ ಲೆಕ್ಕ ಇಟ್ಟುಕೊಂಡೆ.

ಎಂಟು ಐವತ್ತಕ್ಕೆ ಗಾಳಿ ಬಂತು. ಹೊಟ್ಟು ಬಿಟ್ಟೆ, ನೇರ ಹೋಯ್ತು. ಗಡಿಯಾರ ಇಟ್ಟೆ. ಆರನೇ ನಿಮಿಷಕ್ಕೆ 21 ತೋರಿಸ್ತು, ಸೊನ್ನೆ. ಮತ್ತೆ ಏಳನೇ ನಿಮಿಷಕ್ಕೆ ಅಡ್ಡ ಆಯ್ತು, ಸೊನ್ನೆ. ಒಂಬತ್ತೂವರೆಗೆ ತಂತಿ ಹಿಡಿಯೋನು ಬಾಯಿ ಬಿಡಲಿಲ್ಲ, ಗಡಿಯಾರ ತೋರಿಸಿದ. ಮಡಚಿದ್ವಿ.

ಕಾರಿನ ಮೇಲೆ ಕಟ್ಟಿ ಕೊನೇ ಗಂಟು ಹಾಕೋ ಹೊತ್ತಿಗೆ ಗಾಳಿ ಬಂತು ನೋಡಿ. 14. ನೇರ. ರಿಬ್ಬನ್ನು ಹಲಗೆ ಥರ ನಿಂತಿತ್ತು. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡ್ವಿ. ಇವನು ಬಾನೆಟ್ ಮೇಲೆ ಚಿತ್ರಾನ್ನದ ಡಬ್ಬಿ ತೆಗೆದಿಟ್ಟ.

ಹಳೇ_ರೆಕ್ಕೆ – ಭಾನುವಾರ, ಸಂಜೆ 4:10

ಎಷ್ಟು ಹೊತ್ತು ನಿಂತಿತ್ತು?

ಮೂಡಲ_ದಿಣ್ಣೆ – ಭಾನುವಾರ, ಸಂಜೆ 4:12

ಇಪ್ಪತ್ತೈದು ನಿಮಿಷ ಸಾರ್. ಎಣಿಸ್ತಾ ತಿಂದೆ. ಆಮೇಲೆ ಹದ್ದು ಎದ್ವು.

ಹಳೇ_ರೆಕ್ಕೆ – ಭಾನುವಾರ, ಸಂಜೆ 4:30

ಮುಂದಿನ ಭಾನುವಾರ ನಾನೂ ಬರ್ತೀನಿ. ಚಿಂತಾಮಣಿ ಮೇಲೆ ಬಂದರೆ ಶ್ರೀನಿವಾಸಪುರದಲ್ಲಿ ಎಲ್ಲಿ ನಿಲ್ಲಬೇಕು ಹೇಳಿ, ಬೆಳಿಗ್ಗೆ ಐದೂವರೆಗೆ. ನನ್ನ ಗಾಳಿಚೀಲ ಹಳೆಯದಾದರೂ ಸೀರೆ ಅಂಚಿಗಿಂತ ವಾಸಿ, ತರ್ತೀನಿ. ಆ ತಾತನಿಗೆ ಎಲೆ ಅಡಿಕೆ ನಿಮ್ಮ ಕಡೆಯಿಂದ.

ತಂತಿ_ಹಿಡಿಯೋನು – ಭಾನುವಾರ, ಸಂಜೆ 4:41

ಬಸ್ ಸ್ಟ್ಯಾಂಡ್ ಎದುರು ಟೀ ಅಂಗಡಿ ಐದಕ್ಕೇ ತೆಗೀತಾರೆ ಸಾರ್. ಅಲ್ಲೇ ಇರ್ತೀವಿ. ಚಿತ್ರಾನ್ನ ನಾಲ್ಕು ಜನಕ್ಕೆ ಅಂತ ಅಕ್ಕನಿಗೆ ಹೇಳಿದೀನಿ.